ಏಳು ಪಾಯಿಂಟ್ ನಾಲ್ಕು

ಜೂನ್ 12, ಗುರುವಾರ, ಬೆಳಗ್ಗೆ 8.10. ದ್ವೀಪದೇಶದ ರಾಜಧಾನಿ ಆಪಿಯಾದ ಪೊಲೀಸ್ ಠಾಣೆಗೆ ಮಸಿನಾ ಎಂಬಾಕೆ ದೂರು ತಂದಳು. ಅವಳ ತಂದೆ, ನಿವೃತ್ತ ಮೇಷ್ಟ್ರು ಲಫಾಯೆಲೆ, ವಾರಕ್ಕೆ ಮೂರು ದಿನ, ಮಂಗಳ, ಗುರು, ಶನಿ, ಡಯಾಲಿಸಿಸ್‌ಗೆ ಹೋಗುತ್ತಿದ್ದವರು. ಸೋಮವಾರ ಕೈಕಾಲು ಸೋತಂತಾಗಿ ಕೇಂದ್ರಕ್ಕೆ ಹೋದರೆ, ನರ್ಸ್ ಎಸೆತಾ ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆಯೆಂದು ಮನೆಗೆ ಕಳಿಸಿದ್ದಳು. ಅಂದು ಸಂಜೆ ನಾಲ್ಕು ಗಂಟೆಗೆ ಊರಿಗೆ ಹೊರಟ ಬಸ್ಸಿನಲ್ಲೇ ಅವರ ಎದೆಬಡಿತ ನಿಂತಿತು.

ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ತವಿತಾ ಎಂಬಾತ, ಕಾನ್ಸ್‌ಟೇಬಲ್ ಫೆತುವಿನೊಂದಿಗೆ ಹತ್ತೂವರೆಗೆ ಕೇಂದ್ರ ತಲುಪಿ, ಪಂಚನಾಮೆ ಮಾಡಿ ರಿಜಿಸ್ಟರ್ ವಶಪಡಿಸಿಕೊಂಡ. ಸೋಮವಾರದ ಸಾಲಿನಲ್ಲಿ ಎಸೆತಾಳ ಕೈಬರಹ: ಲಫಾಯೆಲೆ, ಪೊಟ್ಯಾಸಿಯಂ 4.7.

ಭಾನುವಾರದ ಊಟದ ಕೆಸುವಿನ ಗೆಡ್ಡೆ, ಬಾಳೆಕಾಯಿ, ಮೇಲೆ ಡಯಾಲಿಸಿಸ್ ಇಲ್ಲದ ಎರಡು ದಿನದ ಬಿಡುವು. ಆಗಲೇ ಪೊಟ್ಯಾಸಿಯಂ ಏರಿ ಎದೆಬಡಿತ ಹಳಿ ತಪ್ಪುವುದು ಎಂದು ಕೇಂದ್ರದ ವೈದ್ಯರು ವಿವರಿಸಿದರು. ಆದರೆ 4.7 ಇದ್ದವರು ಹಾಗೆ ಸಾಯುವುದಿಲ್ಲ.

ಲ್ಯಾಬಿನ ಪುಸ್ತಕದಲ್ಲಿ ಬೇರೆಯೇ ಇತ್ತು. ಸೋಮವಾರ 11.20ಕ್ಕೆ ಫೋನಿನಲ್ಲಿ ಹೇಳಿದ್ದು 7.4, ಜೀವಕ್ಕೇ ಅಪಾಯದ ಮಟ್ಟ. ಲ್ಯಾಬಿನವರು ಎಸೆತಾಳ ಬಾಯಿಂದಲೇ ಆ ಅಂಕಿಯನ್ನು ಎರಡು ಸಲ ಹೇಳಿಸಿ ಖಚಿತಪಡಿಸಿಕೊಂಡಿದ್ದರು.

ಅಂಕಿ ತಿರುಗಿದ್ದು ಕೈತಪ್ಪೇ? ಹದಿನಾಲ್ಕು ವರ್ಷ ದುಡಿದ ನರ್ಸನ್ನು ಇಷ್ಟಕ್ಕೇ ಒಳಗೆ ಹಾಕುವುದೇ? ತವಿತಾ ವರಾಂಡದಲ್ಲಿ ಶತಪಥ ತಿರುಗಿದ. ಅಷ್ಟರಲ್ಲಿ ಫೆತು ಇಸಿಜಿ ಯಂತ್ರದ ಮೆಮೊರಿಯಿಂದ ಒಂದು ಹಾಳೆ ತೆಗೆಸಿ ತಂದ. ಸೋಮವಾರ 11.32, ಲಫಾಯೆಲೆ. ಅದರ ಪ್ರತಿ ಕಡತದಲ್ಲಿರಲಿಲ್ಲ. ಪೊಟ್ಯಾಸಿಯಂ ಏರಿದ ಗುರುತಾಗಿ ಗುಡಾರದಂತೆ ಚೂಪಾಗಿ ಎದ್ದ ಗೆರೆಗಳನ್ನು ಕಂಡು ವೈದ್ಯರ ಮುಖ ಕಪ್ಪಿಟ್ಟಿತು. ಆಗಲೇ ಡಯಾಲಿಸಿಸ್ ಯಂತ್ರಕ್ಕೆ ಹಾಕಿದ್ದರೆ ಮೇಷ್ಟ್ರು ಉಳಿಯಬಹುದಿತ್ತು ಎಂದರು.

ಮೇಷ್ಟ್ರ ಡಯಾಲಿಸಿಸ್ ಕುರ್ಚಿ ಈಗ ಯಾರಿಗೆ ಸಿಕ್ಕಿದೆ ಎಂದು ತವಿತಾ ಕೇಳಿದ. ಕಾಯುವವರ ಪಟ್ಟಿಯ ಮೊದಲ ಹೆಸರು ಪಿಟಾ, ಎಸೆತಾಳ ತಮ್ಮ.

"ಇಸಿಜಿ ಯಾಕೆ ತೆಗೆದ್ಯಮ್ಮ?" ತವಿತಾ ಎಸೆತಾಳನ್ನು ಕರೆಸಿ ಕೇಳಿದ.

"ನಂಬರ್ ನಿಜಾನಾ ನೋಡೋಣ ಅಂತ."

"ನಿಜ ಅಂತ ಗೊತ್ತಾದ್ಮೇಲೆ?"

ಎಸೆತಾ ಸಮವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಾನೇನೂ ಮಾಡ್ಲಿಲ್ಲ ಸಾರ್. ಸುಮ್ನಿದ್ದೆ, ಅಷ್ಟೆ." ಗಾಜಿನಾಚೆ ಡಯಾಲಿಸಿಸ್‌ನಲ್ಲಿದ್ದ ತಮ್ಮನತ್ತ ತಿರುಗಿ, "ಅವನಿಗೀಗ್ಲೇ ಹೇಳ್ಬೇಡಿ. ಗೊತ್ತಾದ್ರೆ ಸೂಜಿ ಕಿತ್ತು ಎದ್ದುಬಿಡ್ತಾನೆ."

ಪಿಟಾನ ಡಯಾಲಿಸಿಸ್ ಮುಗಿಯಲು ಇನ್ನೂ ಒಂದು ಗಂಟೆ ನಲವತ್ತು ನಿಮಿಷ ಬಾಕಿಯಿತ್ತು. ಮಧ್ಯಾಹ್ನ 1.05ಕ್ಕೆ ಬಂಧನದ ಹಾಳೆಗೆ ಅವಳ ಸಹಿ ಪಡೆದ ತವಿತಾ, ಫೆತುವನ್ನು ಬಾಗಿಲಲ್ಲಿ ನಿಲ್ಲಿಸಿ ಅವಳ ಪಕ್ಕದ ಬೆಂಚಿನಲ್ಲೇ ಕುಳಿತ.

ಎರಡು ತಿಂಗಳಿಂದ ಪಿಟಾಗೆ ಮೈ ಚಾಚಿದರೆ ಉಸಿರು ಕಟ್ಟುತ್ತಿತ್ತು. ಅಕ್ಕನ ಬೆನ್ನಿಗೆ ಒರಗಿ ಕೂತೇ ನಿದ್ದೆ ಹೋಗುತ್ತಿದ್ದನಂತೆ. ಈಗ ಗಾಜಿನಾಚೆ, ಒರಗು ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿಕೊಂಡು, ಬಾಯಿ ತೆರೆದು ಮಲಗಿದ್ದ.