ಕೆಂಪು ದೀಪದಲ್ಲಿ ತೆರೆದ ಪೆಟ್ಟಿಗೆ

ಗುಣಪಾಲ ಕತ್ತಲೆಕೋಣೆಯ ನೆಲದ ಮೇಲೆ ಅಂಗಾತ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಫೋಟೋ ತೊಳೆಯುವ ಸಿಮೆಂಟ್ ತೊಟ್ಟಿಯ ಅಂಚಿನಲ್ಲಿ ರಕ್ತ. ಗೋಡೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

ಬಾಗಿಲಲ್ಲಿ ಅಮಿತಾ ನಿಂತಿದ್ದಳು. ಊರು ಕುಂದಾಪುರದ ಪಕ್ಕದ ಗುಲ್ವಾಡಿ, ಕೆಲಸ ಮಂಗಳೂರಿನ ಕಸ್ಟಮ್ಸ್‌ನಲ್ಲಿ. ಅವಳು ಗುಣಪಾಲನ ಈ ಸ್ಟುಡಿಯೋಗೆ ಬಂದದ್ದು ಫಿಲ್ಮ್ ನೋಡಲು. ಹೆಣ ನೋಡಬೇಕಾದೀತು ಎಂದು ಯಾರು ಅಂದುಕೊಂಡಾರು?

"ಮಾವಾ!" ಅಂಗಡಿಯ ಮುಂದೆ ಆಗಷ್ಟೇ ಜೊತೆಯಾಗಿದ್ದ ಸುಜನ್ ಒಳಗೆ ನುಗ್ಗಿದ. ಅವನು ಗುಣಪಾಲನ ಮಗಳ ಗಂಡ. ಸ್ಟುಡಿಯೋದ ಮದುವೆ ಫೋಟೋಗಳ ಕೆಲಸವೆಲ್ಲ ಅವನದೇ. ಮೈ ಮುಟ್ಟಿ ನೋಡಿದ. ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ಆಮೇಲೆ ಅವನು ತಲೆಯೆತ್ತಿ ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು.

"ಈ ದೀಪ ಯಾರ್ ಹಾಕಿದ್ದ್?"

ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಅದರ ಕಸ್ಟಮ್ಸ್ ಮುದ್ರೆ ಹರಿದಿತ್ತು. ಆ ಮುದ್ರೆ ಹಾಕಿದವಳು ಅಮಿತಾಳೇ. ಹೊರಗೆ 'ವೈದ್ಯಕೀಯ ಎಕ್ಸ್‌ರೇ ಫಿಲ್ಮ್' ಎಂಬ ಚೀಟಿ. ಒಳಗಿನ ಬಿಳಿ ಡಬ್ಬಿಗಳ ಮೇಲೆ ಅಳತೆ ಬಿಟ್ಟರೆ ಏನೂ ಬರೆದಿರಲಿಲ್ಲ. ಒಂದು ಡಬ್ಬಿ ತೆರೆದಿತ್ತು. ಕಪ್ಪು ಕಾಗದವನ್ನು ಅಂದವಾಗಿ ಮಡಚಿ ಬದಿಗಿಟ್ಟಿದ್ದರು. ಒಂದೇ ಒಂದು ಹಾಳೆ ಹೊರಗಿತ್ತು.

ಈ ಪೆಟ್ಟಿಗೆಯ ತಕರಾರು ಮಳೆಗಾಲದಿಂದ ನಡೆದಿತ್ತು. ಗುಣಪಾಲನ ಬಳಿ ಮರದ ದೊಡ್ಡ ಕ್ಯಾಮೆರಾ ಇತ್ತು. ಮೀನು ಮಾರುವ ಹೆಂಗಸರನ್ನು, ಬಲೆ ನೇಯುವ ಮುದುಕರನ್ನು ಕೂರಿಸಿ ಅದರಲ್ಲಿ ಫೋಟೋ ತೆಗೆಯುವುದು ಅವನ ಹುಚ್ಚು. ಅದಕ್ಕೆ ಬೇಕಾದ ಹಾಳೆ ಫಿಲ್ಮ್ ಇಲ್ಲಿ ಸಿಗುವುದಿಲ್ಲ. ವಿದೇಶದಿಂದ ತರಿಸಬೇಕು, ಸುಂಕ ಕಟ್ಟಬೇಕು. ಎಕ್ಸ್‌ರೇ ಫಿಲ್ಮ್ ಒಂದು ವರ್ಗ, ಕ್ಯಾಮೆರಾ ಫಿಲ್ಮ್ ಇನ್ನೊಂದು. ಆಸ್ಪತ್ರೆಗೆ ಎಂದರೆ ಸುಂಕ ಹಗುರ. ಗುಣಪಾಲನ ಸರಕು ಎಕ್ಸ್‌ರೇ ವರ್ಗದಲ್ಲಿ ಬರುತ್ತಿತ್ತು. ಫೋಟೋ ಸ್ಟುಡಿಯೋದವನಿಗೆ ಎಕ್ಸ್‌ರೇ ಏಕೆಂದು ಕಸ್ಟಮ್ಸಿಗೆ ಅನುಮಾನ ಹುಟ್ಟಿತು. ಆದರೆ ಬೆಳಕಿನಲ್ಲಿ ತೆರೆದರೆ ಫಿಲ್ಮ್ ಹಾಳು. ಹಾಗಾಗಿ ಬಾಂಡ್ ಬರೆಸಿಕೊಂಡು, ಮುದ್ರೆ ಹಾಕಿ, ಪೆಟ್ಟಿಗೆಯನ್ನು ಅವನ ವಶಕ್ಕೇ ಕೊಟ್ಟಿದ್ದರು. ಪರೀಕ್ಷೆ ಇವತ್ತು, ಅವನ ಕತ್ತಲೆಕೋಣೆಯಲ್ಲೇ ಎಂದು ನಿಗದಿಯಾಗಿತ್ತು.

ಹಿಂದಿನ ದಿನ ಗುಣಪಾಲ ತಾನಾಗಿ ಫೋನ್ ಮಾಡಿದ್ದ. "ನಾಳೆ ತಪ್ದೆ ಬನ್ನಿ ಮೇಡಂ. ನಿಮ್ಮೆದ್ರೇ ತೆಗಿತೆ. ಆದ್ರೆ ಪೂರ ಕತ್ಲೆ ಬೇಕ್. ಕೆಂಪ್ ದೀಪವೂ ಆಗ."

ಅವನು ಬೇಡವೆಂದ ಅದೇ ದೀಪ ಈಗ ಅವನ ಹೆಣದ ಮೇಲೆ ಉರಿಯುತ್ತಿತ್ತು.

*

ಎಸ್‌ಐ ಸುಧೀರ್ ಬಂದರು. ಚುರುಕು ಮನುಷ್ಯ, ಸ್ವಲ್ಪ ಹೆಚ್ಚೇ ಚುರುಕು. ಪಕ್ಕದ ಟೈಲರ್ ಅಂಗಡಿಯವನು ಬಾಯಿಬಿಟ್ಟಿದ್ದೇ ತಡ, ಅವರ ಮನಸ್ಸಿನಲ್ಲಿ ಕೇಸು ಮುಗಿದಿತ್ತು.

"ನಿನ್ನೆ ಮಾವ ಅಳಿಯ ಜಗಳ ಆಡಿದ್ದಾರೆ. ಮುಂದಿನ ಕೋಣೆ ಮೊಬೈಲ್ ಅಂಗಡಿಗೆ ಬಾಡಿಗೆ ಕೊಡೋಣ ಅಂತ ಅಳಿಯ. ಆಗಲ್ಲ ಅಂತ ಮಾವ."

"ಅಷ್ಟಕ್ಕೆ ಕೊಲ್ಲುತ್ತಾರಾ ಸರ್?" ಅಮಿತಾ ಕೇಳಿದಳು.

"ಕೊಲ್ಲೋಕೆ ಬರಬೇಕಾಗಿಲ್ಲ ಮೇಡಂ. ಒಂದು ದಬ್ಬಿದರೆ ಸಾಕು. ಹಿಂದಿನ ಬಾಗಿಲು ತೆರೆದಿತ್ತು. ಬೆಳಿಗ್ಗೆ ಎಲ್ಲಿದ್ದೆ ಅಂದರೆ ಕೋಡಿ ಸಮುದ್ರದ ಹತ್ತಿರ, ಮದುವೆ ಶೂಟಿಂಗಿಗೆ ಜಾಗ ನೋಡ್ತಿದ್ದೆ ಅಂತಾನೆ. ಕಂಡವರು ಯಾರೂ ಇಲ್ಲ."

ಸುಜನ್‌ನನ್ನು ಜೀಪು ಹತ್ತಿಸಿದರು. ಅವನು ಅಳಲಿಲ್ಲ, ಕೂಗಲಿಲ್ಲ. ಅಮಿತಾಳತ್ತ ತಿರುಗಿ ಒಂದೇ ಮಾತು ಹೇಳಿದ.

"ಈ ಫಿಲ್ಮಿಗೆ ಮಾವ ಕೆಂಪ್ ದೀಪ ಹಾಕ್ತಿರ್ಲಿಲ್ಲ ಮೇಡಂ. ನಾನೂ ಹಾಕುದಿಲ್ಲ."

*

ಗುಣಪಾಲನ ಮನೆಯ ಚಾವಡಿಯಲ್ಲಿ ಅವನ ಹೆಂಡತಿ ರಾಜೀವಿ ಕಂಬಕ್ಕೆ ಒರಗಿ ಕೂತಿದ್ದಳು. ಹೆಣ ಇನ್ನೂ ಸರಕಾರಿ ಆಸ್ಪತ್ರೆಯಲ್ಲಿತ್ತು. ಒಳಗೆ ಮಗಳು ಅನಿಷಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬೆಳಿಗ್ಗೆ ಅಪ್ಪ ಹೋದ, ಮಧ್ಯಾಹ್ನ ಗಂಡನನ್ನು ಪೊಲೀಸರು ಕರೆದೊಯ್ದರು. ಯಾರಿಗಾಗಿ ಅಳಬೇಕೆಂದು ಆ ಹುಡುಗಿಗೂ ಗೊತ್ತಿರಲಿಕ್ಕಿಲ್ಲ.

ರಾಜೀವಿ ಅಮಿತಾಳ ಕೈ ಹಿಡಿದಳು. "ಅಮ್ಮಾ, ನೀವ್ ನಮ್ಮ್ ಬದಿಯರ್. ನಂಗೆ ಸತ್ಯ ಹೇಳಿ. ಅಳಿಯನೇ ಮಾಡಿದ್ದಾ? ಹೌದಾರೆ ನಾನ್ ಗಂಡನ್ನೂ ಕಳ್ಕಂಡೆ, ಮಗ್ಳನ್ನೂ ಕಳ್ಕಂಡೆ. ಅವ್ಳ್ ಮೋರೆ ನಾನ್ ಹ್ಯಾಂಗ್ ಕಾಣುದ್?"

ಅಮಿತಾ ಅವಳ ಪಕ್ಕ ಕೂತಳು. "ಇನ್ನೂ ಗೊತ್ತಿಲ್ಲ ಅಕ್ಕ. ಗೊತ್ತಾದ ಕೂಡ್ಲೇ ನಾನೇ ಬಂದ್ ಹೇಳ್ತೆ."

ಪಕ್ಕದಲ್ಲಿ ಒಬ್ಬ ವಯಸ್ಸಾದ ಮನುಷ್ಯ ನೀರಿನ ಲೋಟ ಹಿಡಿದು ನಿಂತಿದ್ದ. "ಒಂದ್ ಗುಟ್ಕ್ ಕುಡಿ ರಾಜೀವಿ," ಎಂದು ಬೇಡುತ್ತಿದ್ದ.

"ಇವ ದುಗ್ಗಪ್ಪ, ನಮ್ಗೆ ದುಗ್ಗಣ್ಣ," ಎಂದಳು ರಾಜೀವಿ. "ಬೈಂದೂರ್ ಹತ್ರ ಯಡ್ತರೆಯವ. ಬೈಂದೂರಿಂದ ಬಪ್ಪುಕೆ ಎಷ್ಟ್ ಹೊತ್ತ್ ಬೇಕ್ ಹೇಳಿ? ನಾನ್ ಫೋನ್ ಮಾಡಿ ಕಣ್ಣ್ ಮುಚ್ಚಿ ತೆಗುದ್ರೊಳ್ಗೆ ಬಂದ. ದೇವ್ರೇ ಕಳ್ಸಿದ್ದ್."

"ಮದ್ದ್ ತಕಂಬುಕೆ ಕುಂದಾಪ್ರಕ್ಕೇ ಬಂದಿದ್ದೆ," ಎಂದ ದುಗ್ಗಪ್ಪ.

ಅಮಿತಾಗೆ ಆ ಹೆಸರು ಗೊತ್ತಿತ್ತು. ಬೈಂದೂರಿನ ಒಂದು ನರ್ಸಿಂಗ್ ಹೋಮಿನ ಎಕ್ಸ್‌ರೇ ಟೆಕ್ನೀಷಿಯನ್. 'ಈ ಫಿಲ್ಮ್ ಎಕ್ಸ್‌ರೇ ಕೆಲಸಕ್ಕೆ' ಎಂದು ಸುಂಕದ ಕಾಗದಕ್ಕೆ ಸಹಿ ಹಾಕಿದವನು. ಹೋದ ವಾರ ಅವನಿಗೆ ವಿಚಾರಣೆಯ ನೋಟೀಸು ಕಳಿಸಿದ್ದು ಅವಳೇ. ಇವತ್ತು ಪೆಟ್ಟಿಗೆ ತೆರೆಯುತ್ತೇವೆ ಎಂದೂ ಅದರಲ್ಲಿತ್ತು.

"ನಿಮಗೂ ಗುಣಪಾಲರಿಗೂ ಹಳೆ ಸ್ನೇಹವಾ?"

"ಒಂದೇ ಬೆಂಚಿನಗೆ ಕೂಕಂಡ್ ಓದಿದ್ದ್. ಅವಂಗೆ ದೊಡ್ ಕ್ಯಾಮೆರಾ ಸಿಕ್ದಾಗ ಫಿಲ್ಮ್ ಇರ್ಲಿಲ್ಲ. ಆಸ್ಪತ್ರೆಯಗೆ ಉಳ್ದ ಎಕ್ಸ್‌ರೇ ಫಿಲ್ಮ್ ಕೊಟ್ಟೆ. ಕ್ಯಾಮೆರಾಕ್ಕೂ ಆತ್ತ್ ಅದ್. ಕೆಂಪ್ ದೀಪದಗೆ ತೊಳುದ್ ಕಲ್ಸಿದ್ದ್ ನಾನೇ. ಈಗ ಆಸ್ಪತ್ರೆಗೆ ಡಿಜಿಟಲ್ ಮೆಷಿನ್ ಬಂತ್. ನನ್ ಕತ್ಲೆಕೋಣೆಯಗೆ ಆಕ್ಸಿಜನ್ ಸಿಲಿಂಡರ್ ಇಟ್ಟಿರ್."

"ಪೆಟ್ಟಿಗೆಯೊಳಗೆ ಎಂತ ಫಿಲ್ಮ್ ಇತ್ತು?"

ದುಗ್ಗಪ್ಪ ಲೋಟದ ನೀರನ್ನೇ ನೋಡಿದ. "ಎಕ್ಸ್‌ರೇ ಅಂದೇಳಿ ನಾನ್ ಸೈ ಹಾಕಿದ್ದ್," ಎಂದ.

*

ಗುಣಪಾಲನಿಗೆ ಕಸ್ಟಮ್ಸ್‌ನಿಂದ ಫಿಲ್ಮ್ ಬಿಡಿಸಿಕೊಡುತ್ತಿದ್ದ ಏಜೆಂಟ್ ರೋಹನ್. ಬ್ರಹ್ಮಾವರದಲ್ಲಿ ಎಸಿ ಹಾಕಿದ ಸಣ್ಣ ಆಫೀಸು. ಎಸಿ ಗಾಳಿಯಲ್ಲೂ ಅವನ ಹಣೆ ಬೆವೆತಿತ್ತು.

"ಸುದ್ದಿ ಕೇಳಿದೆ ಮೇಡಂ. ನಾನು ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ. ನಾಲ್ಕು ಜನ ಗಿರಾಕಿಗಳಿದ್ದರು, ಕೇಳಿ ಬೇಕಾದರೆ."

"ಆಮೇಲೆ ಕೇಳುತ್ತೇನೆ. ಅದು ಎಕ್ಸ್‌ರೇ ಫಿಲ್ಮಾ?"

ರೋಹನ್ ಕುರ್ಚಿಯಲ್ಲಿ ಕುಸಿದ. "ಮೊದಮೊದಲು ಹೌದು. ಆಮೇಲೆ ಅವರಿಗೆ ಒಳ್ಳೆ ಫಿಲ್ಮ್ ಬೇಕು ಅನ್ನಿಸಿತು. ಮುಖದ ಬಣ್ಣ ಸರಿ ಬರಬೇಕಂತೆ. ಸಪ್ಲೈಯರ್ ಸಾದಾ ಡಬ್ಬಿಯಲ್ಲೇ ಕಳಿಸುತ್ತಿದ್ದ. ಹಳೆ ವರ್ಗವೇ ಇರಲಿ, ಯಾರು ತೆರೆದು ನೋಡ್ತಾರೆ ಅಂತ ನಾನೇ ಹೇಳಿದೆ. ತಪ್ಪಾಯ್ತು ಮೇಡಂ."

"ನೀವು ಒಂದಾದರೂ ಡಬ್ಬಿ ತೆರೆದು ನೋಡಿದ್ದೀರಾ?"

"ಅಯ್ಯೋ, ತೆರೆದರೆ ಹಾಳಾಗ್ತದೆ ಅನ್ನೋದು ಬಿಟ್ಟರೆ ನನಗೆ ಆ ವಿದ್ಯೆಯೇ ಗೊತ್ತಿಲ್ಲ."

"ದುಗ್ಗಪ್ಪನಿಗೆ ಫಿಲ್ಮ್ ಬದಲಾದದ್ದು ಗೊತ್ತಿತ್ತಾ?"

"ಇಲ್ಲ. ಗುಣಪಾಲರು ಹೇಳಲೇ ಇಲ್ಲ. ಹೇಳಿದರೆ ಅವನು ಸೈ ಹಾಕ್ತಿರಲಿಲ್ಲ. ಒಂದು ಸುಳ್ಳೂ ಆಡದ ಮನುಷ್ಯ ಅವನು."

ಅಮಿತಾ ಎದ್ದು ನಿಂತಳು. ಉತ್ತರ ಸಿಕ್ಕಿತ್ತು. ಸಿಗದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

*

ಕತ್ತಲೆಕೋಣೆಯಲ್ಲಿ ಈಗ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅಮಿತಾ ಹೊರಗಿದ್ದ ಹಾಳೆಯನ್ನು ಅಂಚಿನಲ್ಲಿ ಹಿಡಿದು ಸುಧೀರ್ ಮುಂದೆ ಓರೆ ಮಾಡಿದಳು.

"ಮೂಲೆಯಲ್ಲಿ ನೋಡಿ ಸರ್."

ಒಂದು ಬದಿಯಲ್ಲಿ ಹೆಬ್ಬೆರಳಿನ ಗುರುತು ಅಚ್ಚೊತ್ತಿದ ಹಾಗಿತ್ತು. ಮಗುಚಿದರೆ ಇನ್ನೊಂದು ಬದಿಯಲ್ಲಿ, ಅದೇ ಜಾಗದಲ್ಲಿ, ಒಣಗಿದ ಉಗುಳಿನ ಮಬ್ಬು ಕಲೆ.

"ಏನಿದು?"

"ಎಕ್ಸ್‌ರೇ ಫಿಲ್ಮಿಗೆ ಎರಡೂ ಬದಿ ಲೇಪ ಇರುತ್ತದೆ. ಈ ಫಿಲ್ಮಿಗೆ ಒಂದೇ ಬದಿ. ಬೆರಳು ಒದ್ದೆ ಮಾಡಿ ಮುಟ್ಟಿದರೆ ಲೇಪ ಇರುವ ಕಡೆ ಅಂಟುತ್ತದೆ. ಯಾರೋ ಎರಡೂ ಕಡೆ ಮುಟ್ಟಿ ನೋಡಿದ್ದಾರೆ."

"ಯಾರು?"

"ದೀಪ ನೋಡಿ ಸರ್. ಏನೂ ಗೊತ್ತಿಲ್ಲದ ಕಳ್ಳನಾದರೆ ಟ್ಯೂಬ್‌ಲೈಟ್ ಹಾಕುತ್ತಿದ್ದ. ಗುಣಪಾಲರಾಗಲಿ ಸುಜನ್ ಆಗಲಿ ಯಾವ ದೀಪವನ್ನೂ ಹಾಕುತ್ತಿರಲಿಲ್ಲ. ಈ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ ಅಂತ ಅವರಿಗೆ ಗೊತ್ತು. ಎಕ್ಸ್‌ರೇ ಫಿಲ್ಮಿಗೆ ತಾಗುವುದಿಲ್ಲ. ಕೆಂಪು ದೀಪ ಹಾಕಿ, ಕಪ್ಪು ಕಾಗದ ಜೋಪಾನವಾಗಿ ಮಡಚಿ ಇಟ್ಟವರು ಫಿಲ್ಮ್ ಕೆಲಸ ಬಲ್ಲವರು. ಹೊರಗಿನ ಚೀಟಿಯನ್ನು ನಂಬಿದವರು. ಸುಳ್ಳು ಬರೆದ ರೋಹನ್‌ಗೆ ಅದು ಸುಳ್ಳೆಂದು ಗೊತ್ತು. ಬರೆಸಿದ ಗುಣಪಾಲರಿಗೂ ಗೊತ್ತು. ನಂಬಿ ಸಹಿ ಹಾಕಿದವನು ಒಬ್ಬನೇ ಉಳಿದ."

ಸುಧೀರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಆ ಮುದುಕ ಅಲ್ಲಿ ಹೆಣಕ್ಕೆ ಹೂ ತರಿಸ್ತಾ ಇದ್ದಾನಲ್ಲ ಮೇಡಂ."

"ಹೌದು ಸರ್. ಬೈಂದೂರಿನಿಂದ ಬರಬೇಕಾದವನು ರಾಜೀವಿ ಫೋನ್ ಮಾಡಿದ ಕೂಡಲೇ ಬಂದದ್ದು ಬೆಳಿಗ್ಗೆಯಿಂದ ಇಲ್ಲೇ ಇದ್ದದ್ದಕ್ಕೆ. ಬೆರಳಚ್ಚು ಹೋಲಿಸಿ."

ಹೋಲಿಸಿದರು. ದುಗ್ಗಪ್ಪನದೇ.

*

ಚಾವಡಿಯಲ್ಲಿ ಅಮಿತಾ ಎಲ್ಲವನ್ನೂ ಹೇಳಿ ಮುಗಿಸಿದಾಗ ದುಗ್ಗಪ್ಪ ತಲೆಯಾಡಿಸಿದ. ಅಲ್ಲಗಳೆಯುವ ಮನಸ್ಸೇ ಅವನಲ್ಲಿರಲಿಲ್ಲ.

"ನೋಟೀಸ್ ಬಂದಾಗಿಂದ ರಾತ್ರಿ ಕಣ್ಣಿಗೆ ಒರಕೇ ಇಲ್ಲ. ಮೂವತ್ತ್ ವರ್ಷ ಚಾಕ್ರಿ ಮಾಡ್ದೆ, ಈಗ ಕಳ್ಳ ಅಂಬ್ರಲೆ ಅಂದೇಳಿ. ಆದ್ರೂ ಗುಣನ್ ಮೇಲೆ ನಂಬ್ಕಿ ಇದ್ದಿತ್ತ್. ಮೇಡಂ ಬಪ್ಪು ಮೊದ್ಲ್ ನನ್ ಕಣ್ಣಾರೆ ಕಾಂಬ ಅಂದೇಳಿ ಬೆಳ್ಗೆ ಬಂದೆ. ಅವ ಹೊರ್ಗೆ ಚಾ ಮಾಡ್ತಿದ್ದ. ನಾನ್ ಒಳ್ಗೆ ಹೋಯಿ ದೀಪ ಹಾಕ್ದೆ, ಡಬ್ಬಿ ತೆಗ್ದೆ. ಒಂದ್ ಬದಿ ಅಂಟ್ತ್. ಮತ್ತೊಂದ್ ಬದಿ ಅಂಟ್ಲೇ ಇಲ್ಲ."

ಅವನು ತನ್ನ ಹೆಬ್ಬೆರಳನ್ನೇ ನೋಡಿಕೊಂಡ.

"ಅಷ್ಟೊತ್ತಿಗೆ ಅವ ಓಡಿ ಬಂದ. ಎಂತ ಹೇಳ್ದ ಗೊತ್ತಿತ್ತಾ? 'ದೀಪ ಆರ್ಸ್, ಫಿಲ್ಮ್ ಹಾಳಾತ್ತ್' ಅಂದ! ನನ್ ಮೋರೆ ಕಾಣ್ಲಿಲ್ಲ ಅವ. ಫಿಲ್ಮ್ ಕಂಡ. ನಂಗೆ ಸಿಟ್ಟ್ ತಡುಕಾಯ್ಲಿಲ್ಲ. ದೂಡ್ದೆ. ಅಷ್ಟೇ ರಾಜೀವಿ, ಒಂದ್ ಸಲ ದೂಡ್ದೆ."

ರಾಜೀವಿ ಕಂಬದಿಂದ ಬೆನ್ನು ತೆಗೆದು ನೆಟ್ಟಗೆ ಕೂತಳು. ಆಮೇಲೆ ಅವನತ್ತ ನೋಡದೆ ಹೇಳಿದಳು.

"ನಿನ್ನೆ ಊಟಕ್ಕೆ ಕೂಕಂಡಾಗ ಹೇಳ್ದ್ರ್. ಮೇಡಂ ಹತ್ರ ಎಲ್ಲ ಒಪ್ಕಂಬುದ್, ಸುಂಕ ಪೂರ ಕಟ್ಟುದ್, ದುಗ್ಗನಿಗೆ ಎಂತದೂ ಗೊತ್ತಿಲ್ಲ ಅಂದೇಳಿ ಬರ್ದ್ ಕೊಡುದ್ ಅಂದೇಳಿ. ಅವಂಗೆ ಮೋರೆ ತೋರ್ಸುಕೆ ನಾಚ್ಕಿ ಆತ್ತ್, ಮೊದ್ಲ್ ಇದ್ ಮುಗಿಲಿ ಅಂದ್ರ್. ನೀ ಒಂದ್ ಗಳ್ಗಿ ತಡ್ಕಂತಿದ್ರೆ ಆತಿತ್ತಲೋ ದುಗ್ಗಣ್ಣ."

ದುಗ್ಗಪ್ಪ ಕುಕ್ಕರಿಸಿ ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಎಳೆಮಗುವಿನ ಹಾಗೆ ಅತ್ತ. ಸುಧೀರ್ ತಾವೇ ಅವನ ತೋಳು ಹಿಡಿದು ಎಬ್ಬಿಸಿದರು. ಅದೇ ಸಂಜೆ ಸುಜನ್ ಮನೆಗೆ ಬಂದ. ರಾಜೀವಿ ಅಳಿಯನನ್ನು ಅಪ್ಪಿಕೊಂಡಳು. ಆದರೆ ಆ ಮನೆಯಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ.

*

ಕೆಲವು ತಿಂಗಳ ನಂತರ ಅಮಿತಾ ಆದೇಶದ ಪ್ರತಿ ಹಿಡಿದು ಮತ್ತೆ ಸ್ಟುಡಿಯೋಗೆ ಬಂದಳು. ಫಿಲ್ಮ್ ಕ್ಯಾಮೆರಾ ವರ್ಗಕ್ಕೆ ಹೋಗಿತ್ತು. ಹಳೆಯ ಸರಕು ಸೇರಿಸಿ ವ್ಯತ್ಯಾಸದ ಸುಂಕ, ಬಡ್ಡಿ, ದಂಡ. ರೋಹನ್ ಮೇಲೆ ಬೇರೆ ಕೇಸು ನಡೆದಿತ್ತು. ಸುಜನ್ ಕಂಪ್ಯೂಟರಿನಲ್ಲಿ ಎಲ್ಲ ತುಂಬಿ, ಅತ್ತೆಗೆ ಜಾಗ ಬಿಟ್ಟ. ದುಡ್ಡು ತಾನೇ ಕಟ್ಟಬೇಕೆಂದು ರಾಜೀವಿ ಹಟ ಹಿಡಿದಿದ್ದಳು.

ಅವಳು ಕನ್ನಡಕ ಏರಿಸಿ ಪರದೆ ನೋಡಿದಳು.

"ಇಷ್ಟೇಯಾ?"

"ಇಷ್ಟೇ ಅತ್ತೆ," ಎಂದ ಸುಜನ್. "ಎರಡ್ ಮದ್ವೆ ಆಲ್ಬಮ್ಮಿನ್ ದುಡ್ಡ್."

ರಾಜೀವಿ ಗುಂಡಿ ಒತ್ತಿದಳು. ದುಡ್ಡು ಹೋಯಿತು. ಅವಳು ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

"ಇದ್ನ್ ಆವತ್ತೇ ಸಮ ಕಟ್ಟಿದ್ರೆ ಇಬ್ರೂ ಇರ್ತಿದ್ರ್, ಅಲ್ದಾ ಅಮ್ಮಾ?"

ಸುಳ್ಳು ಹೇಳಬೇಕೆಂದು ಅಮಿತಾಗೆ ತುಂಬ ಅನ್ನಿಸಿತು. ಆದರೆ ಸತ್ಯ ಹೇಳಿ ಎಂದು ರಾಜೀವಿ ಅಂದೇ ಕೇಳಿದ್ದಳು.

"ಹೌದ್ ಅಕ್ಕ," ಎಂದಳು.

ರಾಜೀವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಜನ್ ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿದ.