ಬೆಂಕಿಯ ಮುಂದೆ ನಕ್ಕವನು

ಫೆಬ್ರವರಿ 11, 2025, ಮಂಗಳವಾರ ಬೆಳಿಗ್ಗೆ 9.40ಕ್ಕೆ ಫೋಟೊಗ್ರಾಫರ್ ಧರ್ಮರಾಜ ಬನಹಟ್ಟಿ ಠಾಣೆಗೆ ಬಂದು, ತನ್ನ ಸ್ಟುಡಿಯೊದ ಬೀಗ ಮುರಿದಿದ್ದಾರೆ ಎಂದು ದೂರು ಕೊಟ್ಟ. ಕ್ಯಾಮೆರಾಗಳು ಇದ್ದಲ್ಲೇ ಇದ್ದವು. ಹೋದದ್ದು ಒಂದು ಹಾರ್ಡ್ ಡಿಸ್ಕ್ ಮಾತ್ರ. ಪಿಎಸ್‌ಐ ರಂಜನಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಶಿವಾಜಿಯೊಂದಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಬಾಗಿಲ ಬಳಿ ಮಗ್ಗದ ಬೋಲ್ಟ್ ಬಿಚ್ಚುವ ಪಾನಾ ಬಿದ್ದಿತ್ತು. ಬನಹಟ್ಟಿಯಲ್ಲಿ ಪಾನಾ ಇದ್ದವರನ್ನೆಲ್ಲ ಹಿಡಿಯುತ್ತ ಹೋದರೆ ಊರೇ ಲಾಕಪ್ಪಿಗೆ ಬರಬೇಕು.

“ಡಿಸ್ಕಿನಾಗ ಏನಿತ್ತು?” ರಂಜನಾ ಕೇಳಿದರು.

“ಲಗ್ನದ ಫೋಟೊ ರೀ, ಮೇಡಮ್ಮಾರ. ಮತ್ತ ಆ ಬೆಂಕಿದು.”

ಯಾವ ಬೆಂಕಿ ಎಂದು ಕೇಳಬೇಕಾಗಿರಲಿಲ್ಲ. ಜನವರಿ 23ರ ಮಧ್ಯಾಹ್ನ ನೇಕಾರ ವೀರಣ್ಣನ ಪವರ್‌ಲೂಮ್ ಶೆಡ್ಡು ಹೊತ್ತಿ ಉರಿದು, ಅವನ ಹೆಂಡತಿ ಮಂಗಲಾ ತೀರಿಕೊಂಡಿದ್ದಳು. ಮರುದಿನ ಪತ್ರಿಕೆಯಲ್ಲಿ ಧರ್ಮರಾಜ ತೆಗೆದ ಫೋಟೊ ಬಂತು: ಉರಿಯುವ ಶೆಡ್ಡಿನ ಮುಂದೆ ವೀರಣ್ಣ, ಬಾಯಿ ತುಂಬ ನಗು. ಮೊಬೈಲಿನಿಂದ ಮೊಬೈಲಿಗೆ ಅದು ಹರಿದಾಡಿತು. ಬೆಂಕಿ ಹಚ್ಚಿದವನೇ ಅವನು ಎಂದವರೂ ಇದ್ದರು; ಶಾರ್ಟ್ ಸರ್ಕಿಟ್ ಎಂಬ ವರದಿಯನ್ನು ಯಾರೂ ಓದಲಿಲ್ಲ. ಆಡುವ ಬಾಯಿಗೆ ಬೀಗ ಹಾಕುವ ಪೊಲೀಸರು ಇನ್ನೂ ಹುಟ್ಟಿಲ್ಲ. ಮುಧೋಳದಿಂದ ಮಂಗಲಾಳ ತಂದೆ ಪ್ರಭುಲಿಂಗ ಬಂದು, ಆರು ವರ್ಷದ ಮೊಮ್ಮಗಳು ಪೂನಮ್‌ಳನ್ನು ಕರೆದೊಯ್ದ. ಮಗಳನ್ನು ನೋಡಲು ಹೋದ ವೀರಣ್ಣನನ್ನು ಬಾಗಿಲಲ್ಲೇ ಅಟ್ಟಿದ.

“ಬೆಂಕಿ ಫೋಟೊ ಯಾರರ ಕೇಳಾಕ ಬಂದಿದ್ರೇನು?” ರಂಜನಾ ಕೇಳಿದರು.

ಧರ್ಮರಾಜ ಗೋಡೆ ನೋಡಿದ. “ವೀರಣ್ಣ ಎರಡ ಸಲ ಬಂದಿದ್ದ ರೀ. ಪೂರಾ ಫೋಟೊ ಕೊಡು ಅಂದ. ಕೊಡಲಿಲ್ಲ.”

“ಪೂರಾ ಅಂದ್ರ?”

“ಮಾರಿ ಮ್ಯಾಲಿನ ಭಾವ ಎದ್ದ ಕಾಣ್ಲಿ ಅಂತ ಒಂದ ಬಾಜು ಕತ್ತರಿಸಿ ಪೇಪರಿಗೆ ಕಳಿಸಿದ್ನಿ ರೀ.”

“ಆ ಬಾಜು ಏನಿತ್ತು?”

“ನೆನಪಿಲ್ಲ ರೀ.”

ಮೂರು ವಾರದ ಹಿಂದೆ ತಾನೇ ಕತ್ತರಿಸಿದ್ದು ನೆನಪಿಲ್ಲವಂತೆ. ರಂಜನಾರಿಗೆ ಮೈ ಉರಿಯಿತು.

ವೀರಣ್ಣ ಮನೆಯಲ್ಲಿರಲಿಲ್ಲ. ಅವನ ಹತ್ತಿರ ಕಂಪ್ಯೂಟರ್ ಇಲ್ಲ. ಡಿಸ್ಕ್ ತೆರೆಯಲು ಯಾವುದೋ ಅಂಗಡಿಗೆ ಹೋಗಲೇಬೇಕು. ರಬಕವಿ, ಬನಹಟ್ಟಿಯಲ್ಲಿ ಅವನ ಮುಖ ಎಲ್ಲರಿಗೂ ಗೊತ್ತು. ಶಿವಾಜಿ ಬೀಳಗಿ, ಜಮಖಂಡಿಯ ಫೋಟೊ ಅಂಗಡಿಗಳಿಗೆ ಒಂದೊಂದಾಗಿ ಫೋನ್ ಹಚ್ಚಿದ. ಆರನೆಯ ಅಂಗಡಿಯವನು, ಹೌದು, ಡಿಸ್ಕ್ ತಂದವನೊಬ್ಬ ಇಲ್ಲೇ ಕೂತಿದ್ದಾನೆ ಎಂದ. ಮಧ್ಯಾಹ್ನ 1.15ಕ್ಕೆ ಅವರು ಜಮಖಂಡಿ ತಲುಪಿದಾಗ ವೀರಣ್ಣ ಅಂಗಡಿಯ ಬೆಂಚಿನ ಮೇಲಿದ್ದ. ತೊಡೆಯ ಮೇಲೆ ಆಗಷ್ಟೇ ಪ್ರಿಂಟಾದ ದೊಡ್ಡ ಫೋಟೊ. ಅವನು ಓಡಲಿಲ್ಲ.

ರಂಜನಾ ಫೋಟೊ ತೆಗೆದುಕೊಂಡು ನೋಡಿದರು. ಪತ್ರಿಕೆಯಲ್ಲಿ ಬಾರದ ಎಡಬದಿಯಲ್ಲಿ ಅಗ್ನಿಶಾಮಕ ಸಿಬ್ಬಂದಿಯೊಬ್ಬ ಹೊಗೆಯಿಂದ ಹೊರಬರುತ್ತಿದ್ದ. ಅವನ ತೋಳಲ್ಲಿದ್ದ ಪೂನಮ್ ಅಪ್ಪನತ್ತ ಕೈ ಚಾಚಿದ್ದಳು.

“ಇದನ್ನ ಮಾವಗ ಮೊದಲ ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ ರೀ? ಮಂಗಲಾ ಇನ್ನಾ ಒಳಗ ಇದ್ಲು. ಕೂಸು ಬಂತು, ನಕ್ಕೆ. ಖರೇನ ನಕ್ಕೇನಿ ರೀ.”

ರಂಜನಾ ಫೋಟೊವನ್ನು ಇನ್ನೊಮ್ಮೆ ನೋಡಿದರು. ಆದರೂ ಕಳವು ಕಳವೇ. ವೀರಣ್ಣನನ್ನು ಬಂಧಿಸಿ, ಡಿಸ್ಕನ್ನೂ ಫೋಟೊವನ್ನೂ ಜಪ್ತಿ ಮಾಡಿದರು. ಕೃತ್ಯದ ಉದ್ದೇಶ, ಮಗಳನ್ನು ಮನೆಗೆ ಕರೆತರುವುದು ಎಂದು ಹೇಳಿಕೆಯಲ್ಲಿ ಬರೆದುಕೊಂಡರು.

ಸಂಜೆ 5.30ಕ್ಕೆ ಪ್ರಭುಲಿಂಗನನ್ನು ಠಾಣೆಗೆ ಕರೆಸಿದರು. ಅವನು ಕನ್ನಡಕ ಒರೆಸಿಕೊಂಡು ಫೋಟೊವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಳಿಯನತ್ತ ತಿರುಗಿದ.

“ನನ್ನ ಮಗಳು ಒಳಗ ಇದ್ದಾಗ ನೀ ನಕ್ಕಿದ್ದು ಖರೇ ಏನು?”

“ಖರೇ ಐತ್ರಿ, ಮಾವಾರ.”

ಮುದುಕ ಅಳಿಯನ ಹತ್ತಿರಕ್ಕೆ ಬಂದ. ಕೈ ಎತ್ತಿಬಿಡುತ್ತಾನೋ ಎಂದು ಶಿವಾಜಿ ನಡುವೆ ಬಂದ.

“ಅಲ್ಲಿ ನಾ ಇದ್ರೂ ನಗತಿದ್ನಿ,” ಎಂದ ಪ್ರಭುಲಿಂಗ. ಕಣ್ಣು ಒರೆಸಿಕೊಂಡು ರಂಜನಾರನ್ನು ಕೇಳಿದ, “ಇವನ ಜಾಮೀನಿಗೆ ಮಾವನ ಸಹಿ ನಡೀತೈತೇನ್ರಿ, ಮೇಡಮ್ಮಾರ?”