ತಸಲ್ಲಿ ಹೇಳದ ಗಿರಾಕಿ

ಸಂತಪುರದ ಧೊಂಡಿಬಾನ ಮಗ ದತ್ತಾತ್ರಿ, ಅಪ್ಪನ ಕುರಿ ಮಾರಿ ಗಾಳಿ ಕೊಳ್ಳಲು ಭಾಲ್ಕಿಗೆ ಬಂದಿದ್ದ. ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಮುಗಿದು ವರ್ಷವಾಗಿತ್ತು. ಬೀದರಿನ ರಸ್ತೆಯಲ್ಲಿ ಲಾರಿಗಳು ಹೆಚ್ಚಾಗಿದ್ದವು. ಬೀದರಿನ ಅಂಚಿನ ಮೈಲೂರಿನಲ್ಲಿ ಅಂಗಡಿ ಹಾಕಿ ಟೈರುಗಳಿಗೆ ಗಾಳಿ ತುಂಬಿದರೆ ಹೊಟ್ಟೆ ತುಂಬುತ್ತದೆ ಎಂಬುದು ಅವನ ಅಂದಾಜು.

ಉಸ್ತಾದ್ ಬದ್ರೋದ್ದೀನರ ಅಂಗಳದಲ್ಲಿ ಹಳೆಯ ಕಂಪ್ರೆಸರ್ ನಿಂತಿತ್ತು. ಕೆಳಗೆ ಟಾಂಕಿ, ಮೇಲೆ ಪಂಪು, ಪಕ್ಕದ ಎಣ್ಣೆ ಎಂಜಿನ್ನಿನಿಂದ ಪಂಪಿನ ಚಕ್ರಕ್ಕೆ ಒಂದು ಚರ್ಮದ ಪಟ್ಟಾ. ಉಸ್ತಾದರ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ಮಷೀನು ತೋರಿಸಿದ್ದು ಮಗಳು ಆಬೇದಾ.

"ಪಟ್ಟಾ ಒತ್ತಿ ನೋಡ್ರಿ," ಎಂದಳು.

ಒತ್ತಿದ.

"ಹ್ಯಾಂಗದ?"

"ಭಾಳ ಚಂದ ಅದರಿ." ಅವನು ನೋಡುತ್ತಿದ್ದದ್ದು ಅವಳ ಮೂಗಿನ ತುದಿಗೆ ಹತ್ತಿದ್ದ ಗ್ರೀಸನ್ನು.

"ಪಟ್ಟಾ ಕೆಳಗದರಿ, ಗಾಳಿ ಸಾವಕಾರರ."

ಮಷೀನು ಎತ್ತಿನ ಬಂಡಿಯಲ್ಲಿ ಮೈಲೂರಿಗೆ ಬಂತು. ಮೊದಲ ದಿನದ ಗಾಳಿಗೆ ಒಬ್ಬ ಜಮಾದಾರನ ಪಗಡಿ ಹಾರಿ ಆಚೆಯ ಕೊಳಾರ ಹಳ್ಳಿಯಲ್ಲಿ ಬಿತ್ತು. ಅಲ್ಲಿಯವರು ಹಾವೆಂದು ತಿಳಿದು ಅದನ್ನು ಬಡಿಗೆಯಿಂದ ಬಡಿದರು. ಸುಳ್ಳೆನ್ನುವವರು ಪಗಡಿಯನ್ನು ಕೇಳಬಹುದು.

ಬದ್ರೋದ್ದೀನರ ಮನೆತನಕ್ಕೊಂದು ರೂಢಿಯಿತ್ತು. ಹಳೆಯ ಮಷೀನು ಕೊಂಡವನು ಟಾಂಕಿಯ ಮೇಲೆ ಕೈಯಿಟ್ಟು 'ನನಗ ತಸಲ್ಲಿ ಆಗ್ಯಾದ', ಅಂದರೆ ಸಮಾಧಾನವಾಗಿದೆ, ಎನ್ನುವ ತನಕ ಮಾರಾಟ ಮುಗಿಯದು. ಅಲ್ಲಿಯವರೆಗೆ ರಿಪೇರಿ ಪುಕ್ಕಟೆ, ಮಾರಿದವರು ಊರು ಖಾಲಿ ಮಾಡುವಂತಿಲ್ಲ. ಇಂಥ ರೂಢಿಯನ್ನು ಪ್ರೀತಿಗೆ ಬಿದ್ದವನ ಕೈಗೆ ಕೊಡಬಾರದು.

ದತ್ತಾತ್ರಿ ಬೋಲ್ಟು ಸಡಿಲಿಸಿ ಪಟ್ಟಾ ಜೋಲು ಬಿಡುತ್ತಿದ್ದ, ಭಾಲ್ಕಿಗೆ ಸುದ್ದಿ ಕಳಿಸುತ್ತಿದ್ದ. ಪ್ಯಾಸೆಂಜರ್ ರೈಲಿನಿಂದ ಉಸ್ತಾದರು ಇಳಿಯುತ್ತಿದ್ದರು, ಹಿಂದೆ ಬೋಲ್ಟು ಬಿಗಿಯುವ ಪಾನಾ ಹಿಡಿದ ಆಬೇದಾ. ಅವಳು ಬುರ್ಖಾದ ಮುಸುಕು ಹಿಂದೆ ಸರಿಸಿ, ಟಾಂಕಿಯ ತಳದ ನೀರು ಬಿಟ್ಟು, ಎಣ್ಣೆ ನೋಡಿ, ಪಟ್ಟಾ ಬಿಗಿದು ಹೋಗುತ್ತಿದ್ದಳು. ವಾರದಲ್ಲಿ ಮಷೀನು ಮತ್ತೆ ಮಲಗುತ್ತಿತ್ತು.

"ನನ್ನ ಬಲ್ಲಿ ಇದ್ದಾಗ ಹಿಂಗ ಮಾಡಿದ್ದಿಲ್ಲ ಬೇಟಾ," ಎಂದು ಉಸ್ತಾದರು ಚಹಾ ಕುಡಿಯುತ್ತ ಹಲುಬಿದರು. "ನಿನ್ನ ಮ್ಯಾಲ ಇದಕ್ಕೇನು ಸಿಟ್ಟದ?"

"ಸಿಟ್ಟಲ್ಲರಿ ಚಾಚಾ. ಪ್ರೀತಿ ಜಾಸ್ತಿ ಆಗ್ಯಾದ."

ಆಬೇದಾಳ ಕೈಯಿಂದ ಪಾನಾ ಬಿತ್ತು.

ಒಂದು ಮಧ್ಯಾಹ್ನ ಉಸ್ತಾದರು ನಮಾಜಿಗೆ ಹೋದರು. ಆಬೇದಾ ಕೆಲಸ ನಿಲ್ಲಿಸಿ ತಲೆಯೆತ್ತಿದಳು.

"ಬೋಲ್ಟ್ ಸಡ್ಲ ಮಾಡೋರು ನೀವೇ, ಹೌದಿಲ್ರಿ?"

"ಹೌದರಿ." ಅವನು ನೆಲ ನೋಡಿದ.

"ಅಷ್ಟಕ್ಕೇ ಇದು ಇಷ್ಟು ಕೆಡಲ್ರಿ. ಪ್ರತಿ ಸರ್ತಿ ಪಂಪಿನ್ಯಾಗ ಗಾಳಿ ತಡಿಯೋ ವಾಲಿನ ಪತ್ತಿ ಸೊಟ್ಟ ಕೂಡಿಸಿ ಹೋಗಾಕಿ ನಾ."

ದತ್ತಾತ್ರಿ ಅವಳನ್ನು ನೋಡಿದ. ಅವಳ ತುಟಿ ನಗುವಿಗೆ ಹೊರಟು ಅರ್ಧ ದಾರಿಯಲ್ಲಿ ನಿಂತಿತ್ತು. ಇಬ್ಬರು ಸೇರಿ ಕೆಡಿಸಿದರೂ ಇಷ್ಟು ದಿನ ಉಸಿರಾಡಿದ ಮಷೀನಿನ ಮೇಲೆ ಅವನಿಗೆ ಗೌರವ ಬಂತು.

"ಈಗ ತಸಲ್ಲಿ ಅಂದುಬಿಡ್ರಿ," ಎಂದಳು.

"ಯಾಕ?"

"ನಮ್ಮಣ್ಣ ಅಮೀರ ಪಾಶಾ ಭಾಯಿ ಗಡಬಡಿ ದಿನದಾಗ ಹೋದಾಂವ ತಿರುಗಿ ಬಂದಿಲ್ಲ. ಅಮ್ಮಿ ದಿನಾ ಅವನ ತಾಟ ಹಾಕಿ ಬಾಗಲದಾಗ ಕೂಡ್ತಾಳ. ಈಗ ತಾನೂ ಉಣ್ಣೋದು ಬಿಟ್ಟಾಳ. ಆ ಬಾಗಲ ಬಿಡಿಸ್ಬೇಕು. ಹೈದರಾಬಾದದಾಗ ಖಾಲಾ, ಅಮ್ಮಿ ಅಕ್ಕ, ಕರಿಲತ್ತಾಳ. ಅಬ್ಬಾ ನಿಮ್ಮ ಒಂದು ಮಾತಿಗೆ ನಿಂತಾರ."

"ನಾ ಅನ್ಲಿಲ್ಲಂದ್ರ?"

"ಅಬ್ಬಾ ಹೋಗಲ್ಲ. ಅಮ್ಮಿ ಉಳಿಯಲ್ಲ."

"ನಾ ನಮ್ಮಪ್ಪಗ ಕೇಳ್ತೇನಿ, ನಿಮ್ಮಬ್ಬಾಗ ಕೇಳ್ತೇನಿ..."

"ಕೇಳ್ರಿ. ಈ ಕಾಲದಾಗ ಇಬ್ಬರದಾಗ ಯಾರು ಹೂಂ ಅಂತಾರ?"

ಅವನು ಪಾನಾ ಕೈಗೆತ್ತಿಕೊಂಡ. ಆಬೇದಾ ವಾಲಿನ ಪತ್ತಿಯನ್ನು ಸರಿಯಾಗಿ ಕೂಡಿಸಿದಳು. ಬೋಲ್ಟನ್ನು ಅವನೇ ಬಿಗಿದ. ಪಟ್ಟಾ ಒತ್ತಿದಾಗ ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು. ಅಷ್ಟು ದುಃಖದ ರಿಪೇರಿಯನ್ನು ಬೀದರು ಕಂಡಿರಲಿಲ್ಲ.

ಉಸ್ತಾದರು ಬಂದಾಗ ಮಷೀನು ಓಡುತ್ತಿತ್ತು. ದತ್ತಾತ್ರಿ ಟಾಂಕಿಯ ಮೇಲೆ ಕೈಯಿಟ್ಟ.

"ನನಗ ತಸಲ್ಲಿ ಆಗ್ಯಾದರಿ ಚಾಚಾ."

"ಖರೇನಾ?"

"ಖರೇರಿ."

ಉಸ್ತಾದರು ಅವನನ್ನು ತಬ್ಬಿಕೊಂಡು, ನಿನ್ನಂಥ ಪ್ರಾಮಾಣಿಕ ಗಿರಾಕಿಯನ್ನು ಕಂಡಿಲ್ಲ ಎಂದು ಕಣ್ಣೊರೆಸಿಕೊಂಡರು. ಅವನಿಗೆ ಆ ಟಾಂಕಿಯೊಳಗೆ ಹೊಕ್ಕು ಮುಚ್ಚಳ ಹಾಕಿಕೊಳ್ಳಬೇಕು ಎನ್ನಿಸಿತು.

ಉಸ್ತಾದರ ಮನೆಯ ಸಾಮಾನು ಹೇರಿದ ಲಾರಿ ಭಾಲ್ಕಿಯಿಂದ ಹೈದರಾಬಾದಿಗೆ ಹೊರಟದ್ದು ಅವನ ಅಂಗಡಿಯ ಮುಂದೆಯೇ ನಿಂತಿತು. ಡ್ರೈವರ್ ಸುಭಾನ ಗಾಳಿ ನೋಡೆಂದ. ಪೆಟ್ಟಿಗೆಗಳ ನಡುವೆ, ಉಸ್ತಾದರ ಪಕ್ಕ, ಆಬೇದಾಳ ಅಮ್ಮಿ ಅನ್ವರಿ ಬೇಗಂ ಬಂದ ದಾರಿಗೇ ಮುಖ ಮಾಡಿ ಕೂತಿದ್ದಳು. ಆಬೇದಾ ಕೆಳಗಿಳಿದಳು.

"ಇದ್ರಾಗ ಕಡಿಮಿ ಅದರಿ," ಎಂದು ಒಂದು ಟೈರು ತೋರಿಸಿದಳು.

ತುಂಬಿದ.

"ಇದ್ರಾಗೂ."

ಅದಕ್ಕೂ ತುಂಬಿದ. ಅವಳು ಲಾರಿ ಸುತ್ತುತ್ತಿದ್ದಳು, ಅವನು ಗಾಳಿಯ ನಳಿಕೆ ಹಿಡಿದು ಹಿಂದೆ.

"ಎಲ್ಲಾ ಗಟ್ಟಿ ಅವ ತಂಗೀ!" ಎಂದು ಸುಭಾನ ಮೇಲಿಂದ ಒದರಿದ. "ಒಡದು ಹೋಗ್ತಾವ!"

"ಸ್ಟೆಪ್ನಿ ನೋಡಿಲ್ಲ," ಎಂದಳು ಆಬೇದಾ.

ಸ್ಟೆಪ್ನಿಗೂ ತುಂಬಿದ.

"ಮತ್ತ?" ಎಂದ ಮೆಲ್ಲಗೆ.

ಅವಳು ಇಡೀ ಲಾರಿಯ ಮೇಲೆ ಕಣ್ಣಾಡಿಸಿದಳು. ಲಾರಿ ಮಾಡಿದವರು ಜಿಪುಣರು, ಇನ್ನೊಂದು ಚಕ್ರ ಇಟ್ಟಿರಲಿಲ್ಲ.

"ಮತ್ತ ಏನೂ ಇಲ್ಲರಿ."

ಲಾರಿ ಹೊರಟಿತು. ಅವನು ಗಾಳಿಯನ್ನು ಎಷ್ಟು ಸರಿಯಾಗಿ ತುಂಬಿದ್ದನೆಂದರೆ, ಹೈದರಾಬಾದಿನ ತನಕ ಅದು ಎಲ್ಲಿಯೂ ನಿಲ್ಲಲೇ ಇಲ್ಲವಂತೆ.